ನೆರೆಮನೆಯ ಅಂಗಳದಲ್ಲಿ ನಮ್ಮ ಕಾರು

ಮೊನ್ನೆ ಬಂದರಿನಿಂದ ಬೆಂಗ್ರೆಗೆ ಮರಳುವ ದೋಣಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ. ಸ್ವಂತ ಕಾರಿನಲ್ಲಿ ಭೂತಾನಿಗೆ ಹೊರಡುವ ಸನ್ನಾಹದಲ್ಲಿದ್ದಾನೆ. "ಮಾಸ್ಟ್ರೇ, ತಲೆಗೆ ರಾತ್ರಿಯೊಂದಕ್ಕೆ 1,200 ರೂಪಾಯಿ, ಕಾರಿಗೆ ಬೇರೆ. ಆ ರಸ್ತೆ ಕಟ್ಟಿಕೊಟ್ಟದ್ದೇ ನಾವಲ್ಲವೇ?" ಎಂದ. ಉತ್ತರ ಹೇಳುವುದರೊಳಗೆ ದೋಣಿ ದಡ ಮುಟ್ಟಿತು. ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವನ ಮಾತಿನಲ್ಲಿ ಸತ್ಯವಿದೆ. 1958ರಲ್ಲಿ ನೆಹರೂ ಭೂತಾನಿಗೆ ಹೋದಾಗ ಮೋಟಾರು ರಸ್ತೆಯೇ ಇರಲಿಲ್ಲ. ಟಿಬೆಟ್ಟಿನ ಚುಂಬಿ ಕಣಿವೆಯನ್ನು ಬಳಸಿ, ಕುದುರೆಯೇರಿ ಪಾರೋ ತಲುಪಿದರು. 1961ರಲ್ಲಿ ನಮ್ಮ ಗಡಿ ರಸ್ತೆ ಸಂಸ್ಥೆಯ 'ದಂತಕ್' ಯೋಜನೆ ಆರಂಭವಾಯಿತು. ಗಡಿಯೂರಾದ ಫುಂಟ್‌ಶೋಲಿಂಗ್‌ನಿಂದ ರಾಜಧಾನಿ ಥಿಂಫುವಿಗೆ ಹೋಗುವ ದಾರಿ ಅದರ ಕೊಡುಗೆ. ಬೆಟ್ಟ ಕಡಿಯುವಾಗ ಪ್ರಾಣ ತೆತ್ತ ನಮ್ಮವರು ಅನೇಕರು. ಆದರೆ ನೆರೆಯವನಿಗೆ ಬಾವಿ ತೋಡಲು ನೆರವಾದೆವೆಂದು ಅವನ ಅಂಗಳ ನಮ್ಮದಾಗುವುದೇ?

ಮಗನ ಕಾರಿನಲ್ಲಿ ನಾವೂ ಸುಮಾರು ಮೂರು ಸಾವಿರ ಕಿಲೋಮೀಟರ್ ಕ್ರಮಿಸಿ ಆ ಗಡಿಯನ್ನು ದಾಟಿದವರೇ. ಈಚೆಗೆ ಬಂಗಾಳದ ಜೈಗಾಂವ್: ಧೂಳು, ಹಾರ್ನು, ನೂಕುನುಗ್ಗಲು. ಹೆಬ್ಬಾಗಿಲಿನಾಚೆ ಸದ್ದೇ ಇಲ್ಲ. ರಸ್ತೆ ದಾಟುವವನು ಕಾಲಿಟ್ಟೊಡನೆ ಕಾರುಗಳು ತಾವಾಗಿ ನಿಲ್ಲುತ್ತವೆ. ಥಿಂಫುವಿನಲ್ಲಿ ಸಿಗ್ನಲ್ ದೀಪಗಳಿಲ್ಲ. ಚಿತ್ತಾರದ ಪುಟ್ಟ ಮಂಟಪದಲ್ಲಿ ನಿಂತ ಪೊಲೀಸನ ಕೈಸನ್ನೆಯೇ ಸಾಕು. ಅಲ್ಲಿ ಕೇಳಿಸಿದ ಏಕೈಕ ಹಾರ್ನು ನಮ್ಮದಾಗಿತ್ತು. ಮಗನಿಗೆ ಬೈದೆನಾದರೂ ನಾಚಿಕೆ ನನಗೂ ಆಯಿತು.

ಪುನಾಖಾದಲ್ಲಿ ಫೋ ಛು, ಮೋ ಛು ನದಿಗಳು ಕೂಡುತ್ತವೆ. ಆ ದಡದಲ್ಲಿ ನಿಂತಾಗ ನೇತ್ರಾವತಿಯೂ ಫಲ್ಗುಣಿಯೂ ಕೂಡಿ ಕಡಲು ಸೇರುವ ನಮ್ಮ ಅಳಿವೆ ನೆನಪಾಯಿತು. ಅಲ್ಲಿನ ದಡ ಶುಭ್ರವಾಗಿತ್ತು. ಇಲ್ಲಿಯೋ, ಭಾನುವಾರ ದೋಣಿಯಲ್ಲೂ ತಣ್ಣೀರುಬಾವಿಯ ರಸ್ತೆಯಲ್ಲೂ ಬಂದವರು ಸಂಜೆ ಸೂರ್ಯಾಸ್ತದ ಚಿತ್ರ ತೆಗೆದುಕೊಂಡು ಹೋಗುತ್ತಾರೆ, ಬಾಟಲಿ ಬಿಟ್ಟು ಹೋಗುತ್ತಾರೆ. ಮರುದಿನ ಕೈರಂಪಣಿ ಬಲೆ ಎಳೆಯುವವನ ಅಂಗಾಲಿಗೆ ಆ ಗಾಜು. ಬರುವವರ ಊರಿನಲ್ಲಿ ಬದುಕುವವನಿಗೆ ಭೂತಾನದ ಲೆಕ್ಕ ಬೇಗ ಅರ್ಥವಾಗುತ್ತದೆ. ದೇಶದ ಶೇಕಡಾ 60 ಭಾಗ ಎಂದೆಂದಿಗೂ ಕಾಡಾಗಿರಬೇಕೆಂದು ತನ್ನ 2008ರ ಸಂವಿಧಾನದಲ್ಲೇ ಬರೆದುಕೊಂಡ ಪುಟ್ಟ ರಾಜ್ಯವದು. ಬರುವ ಅತಿಥಿ ಆ ಖರ್ಚಿನಲ್ಲಿ ಪಾಲು ಕೊಡಲಿ ಎಂದರೆ ತಪ್ಪೇನು? ದೂರದ ದೇಶದವರಿಗೆ 2022ರಲ್ಲಿ ರಾತ್ರಿಗೆ 200 ಡಾಲರ್ ಇತ್ತು, ಮರುವರ್ಷ 100ಕ್ಕೆ ಇಳಿಯಿತು. ನಮಗೆ ಕೇಳುವುದು ಅದರ ಸಣ್ಣದೊಂದು ಅಂಶ. ನೇಪಾಳದ ಗಡಿಯಲ್ಲಿ ಕಾರಿಗೆ ದಿನದ ಲೆಕ್ಕದಲ್ಲಿ 'ಭನ್ಸಾರ್' ಕಟ್ಟುವಾಗ ಯಾರೂ ಗೊಣಗುವುದಿಲ್ಲ!

ಒಂದು ತಕರಾರು ಮಾತ್ರ ನನಗೂ ಉಂಟು. ಗಡಿ ಮತ್ತೆ ತೆರೆದ 2022ರಲ್ಲಿ ಪ್ರವಾಸಿಗಳ ಕಾರಿಗೆ ದಿನಕ್ಕೆ 4,500 ನಿಗದಿಯಾಯಿತು. ಸಾಧಾರಣ ಸಂಬಳದ ಅಧ್ಯಾಪಕನೊಬ್ಬ ಹೆಂಡತಿ ಮಕ್ಕಳೊಡನೆ ಹೊರಟರೆ ಇದು ಭಾರವೇ. ಹಣವಿದ್ದವನೆಲ್ಲ ಸಭ್ಯನಲ್ಲ, ಇಲ್ಲದವನೆಲ್ಲ ಕಸ ಎಸೆಯುವವನೂ ಅಲ್ಲ. ಅಂಥವನು ಕಾರನ್ನು ಗಡಿಯಲ್ಲೇ ಬಿಟ್ಟು ಅಲ್ಲಿನ ಟ್ಯಾಕ್ಸಿ ಹಿಡಿಯುವುದು ಮೇಲು. ತಿರುವುಗಳನ್ನು ಬಲ್ಲ ಚಾಲಕನಿಗೂ ನಾಲ್ಕು ಕಾಸು ಸಿಕ್ಕೀತು.

ಅಂದಹಾಗೆ ದೋಣಿಯಲ್ಲಿ ಸಿಕ್ಕಿದವನೇ, ಮತದಾರರ ಗುರುತಿನ ಚೀಟಿ ಅಥವಾ ಪಾಸ್‌ಪೋರ್ಟ್ ಇಟ್ಟುಕೋ. ಆಧಾರ್ ಅಲ್ಲಿ ನಡೆಯದು.