ದುಬಾರಿ ಸ್ಟ್ಯಾಂಡಿಗೆ ಬಿಗಿದರೆ ಏರ್‌ಗನ್ ಗುರಿ ತಪ್ಪುವುದೇ ಇಲ್ಲವೇ?

‘ಬಂದೂಕನ್ನು ಕಬ್ಬಿಣದ ಸ್ಟ್ಯಾಂಡಿಗೆ ಬಿಗಿಯಿರಿ, ಟ್ರಿಗರ್ ಎಳೆಯಿರಿ, ಪ್ರತಿ ಗುಂಡೂ ಅದೇ ತೂತಿಗೆ ಬೀಳುತ್ತದೆ.’ ಶೂಟಿಂಗ್ ಸ್ಟ್ಯಾಂಡಿನ ವಿಡಿಯೊಗಳ ಜೊತೆ ಇಂಥ ಮಾತು ಗ್ರೂಪಿನಿಂದ ಗ್ರೂಪಿಗೆ ಹೋಗುತ್ತದೆ. ಕೇಳಿದರೆ ಸರಿ ಎನಿಸುತ್ತದೆ. ಅಲುಗಾಡದ ಬಂದೂಕು ತಪ್ಪುವುದು ಹೇಗೆ? ಆದರೆ ಕಡಿಮೆ ಬೆಲೆಗೆ ಸಿಗುವ ಸ್ಪ್ರಿಂಗ್ ಏರ್‌ಗನ್ ಮಟ್ಟಿಗೆ ಇದು ಬಹುಪಾಲು ಉಲ್ಟಾ.

ಟ್ರಿಗರ್ ಎಳೆದ ಕೂಡಲೇ ಒಳಗಿನ ಸ್ಪ್ರಿಂಗ್ ಭಾರದ ಪಿಸ್ಟನ್ನನ್ನು ಮುಂದಕ್ಕೆ ತಳ್ಳುತ್ತದೆ. ಬಂದೂಕು ಹಿಂದಕ್ಕೆ ಜಗ್ಗುತ್ತದೆ. ಪಿಸ್ಟನ್ ತುದಿಗೆ ಹೋಗಿ ನಿಂತಾಗ ಬಂದೂಕು ಮುಂದಕ್ಕೆ ಜಿಗಿಯುತ್ತದೆ. ಪೆಲೆಟ್ ನಳಿಗೆಯಿಂದ ಹೊರಬೀಳುವ ಮೊದಲೇ ಈ ಜಗ್ಗಾಟ ಶುರುವಾಗಿರುತ್ತದೆ. ಹಾಗಾಗಿ ಅದನ್ನು ಹಿಡಿದು ನಿಲ್ಲಿಸುವುದಕ್ಕಿಂತ, ಪ್ರತಿ ಸಲವೂ ಒಂದೇ ರೀತಿ ಆಗಲು ಬಿಡುವುದು ಮುಖ್ಯ. ಗಟ್ಟಿ ಕಬ್ಬಿಣಕ್ಕೆ ಬಿಗಿದಾಗ ಸ್ಕ್ರೂ ಸ್ವಲ್ಪ ಹೆಚ್ಚುಕಡಿಮೆಯಾದರೂ ಪೆಟ್ಟು ಬೇರೆ ಕಡೆ ಬೀಳುತ್ತದೆ. ಮೆತ್ತಗಿನ ಮರಳಿನ ಚೀಲದ ಮೇಲೆ ಅಂಗೈ, ಅಂಗೈ ಮೇಲೆ ಬಂದೂಕು ಸಡಿಲವಾಗಿ ಇಟ್ಟರೆ ಅದು ತನ್ನ ಪಾಡಿಗೆ ಜಾರುತ್ತದೆ. ಗಾಳಿ ತುಂಬಿಸುವ ಪಿಸಿಪಿ ಬಂದೂಕುಗಳಲ್ಲಿ ಈ ಭಾರದ ಪಿಸ್ಟನ್ ಇಲ್ಲ. ಅವಕ್ಕೆ ಗಟ್ಟಿ ಸ್ಟ್ಯಾಂಡ್ ನಡೆಯುತ್ತದೆ.

ಜನ ಸ್ಟ್ಯಾಂಡಿಗೆ ದುಡ್ಡು ಸುರಿದು ಟೇಬಲ್ ಮರೆಯುತ್ತಾರೆ. ಮುಂದಿನ ಮತ್ತು ಹಿಂದಿನ ಆಸರೆಗಳ ನಡುವೆ 40 ಸೆಂಟಿಮೀಟರ್ ಇದೆ ಎಂದುಕೊಳ್ಳಿ. ಹಿಂಬದಿ 1 ಮಿಲಿಮೀಟರ್ ಸರಿದರೆ 10 ಮೀಟರ್ ದೂರದ ಕಾಗದದ ಮೇಲೆ ಗುರಿ 25 ಮಿಲಿಮೀಟರ್ ಸರಿಯುತ್ತದೆ. ಒಲಿಂಪಿಕ್ಸ್‌ನ 10 ಮೀಟರ್ ಏರ್‌ರೈಫಲ್ ಗುರಿಯ ಅತಿ ಹೊರಗಿನ ವೃತ್ತದ ಅಡ್ಡಳತೆಯೇ 45.5 ಮಿಲಿಮೀಟರ್.

ಆಳಂದ ತಾಲ್ಲೂಕಿನ ಭೂಸನೂರಿನಂಥ ಎರೆಮಣ್ಣಿನ ಊರಲ್ಲಿ ಇದು ಸಣ್ಣ ಮಾತಲ್ಲ. ಎರೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆ ಟೇಬಲ್ ಇಟ್ಟರೆ ಒಂದು ಕಾಲು ಇಳಿದೇ ಇಳಿಯುತ್ತದೆ. ನಮ್ಮ ಕಡೆ ಅಗ್ಗಕ್ಕೆ ಸಿಗುವ ಶಹಾಬಾದ್ ಫರ್ಸಿಯ ತುಂಡುಗಳನ್ನು ಕಾಲುಗಳ ಕೆಳಗೆ ಹಾಕಿ. ನನ್ನ ಲೆಕ್ಕದಲ್ಲಿ ಮೊದಲ ಖರ್ಚು ಇದೇ ಆಗಬೇಕು.

ಚೀಲಕ್ಕೆ ಹಳೆಯ ಜೀನ್ಸ್ ಪ್ಯಾಂಟಿನ ಕಾಲು ಸಾಕು. ತೊಳೆದು ಒಣಗಿಸಿದ ಮರಳನ್ನು ಮುಕ್ಕಾಲು ಭಾಗ ತುಂಬಿ, ಎರಡೂ ತುದಿ ಡಬಲ್ ಹೊಲಿಗೆ ಹಾಕಿ. ಪೂರ್ತಿ ತುಂಬಿದರೆ ಕಲ್ಲಾಗುತ್ತದೆ, ಬಂದೂಕು ಕೂರುವುದಿಲ್ಲ. ಹಿಂದಿನ ಚೀಲ ಚಿಕ್ಕದಿರಲಿ. ಅದನ್ನು ಮುಷ್ಟಿಯಲ್ಲಿ ಹಿಸುಕಿದರೆ ಹಿಂಬದಿ ಏರಿ ಗುರಿ ಕೆಳಗಿಳಿಯುತ್ತದೆ, ಬಿಟ್ಟರೆ ಮೇಲೇರುತ್ತದೆ. ಎರೆಮಣ್ಣು ಹೆಂಟೆ ಕಟ್ಟುತ್ತದೆ, ಬೇಡ. ತೊಗರಿ, ಜೋಳ ತುಂಬಬಹುದು, ಹಗುರ. ಆದರೆ ಇಲಿಗಳಿಗೂ ಅದು ಗೊತ್ತಾಗುತ್ತದೆ.

ಆಸರೆ ಇಟ್ಟು ಹೊಡೆಯುವುದು ಮುಖ್ಯವಾಗಿ ಬಂದೂಕು, ಪೆಲೆಟ್ ಮತ್ತು ಸೈಟ್ ಪರೀಕ್ಷೆಗೆ. ಒಲಿಂಪಿಕ್ಸ್‌ನಲ್ಲಿ ಏರ್‌ರೈಫಲ್ ನಿಂತೇ ಹೊಡೆಯಬೇಕು, ಆಸರೆ ಇಲ್ಲ. ಪ್ಯಾರಾ ಶೂಟಿಂಗ್‌ನ ಎಸ್‌ಎಚ್2 ವರ್ಗದಲ್ಲಿ, ಕೈಯಲ್ಲಿ ರೈಫಲ್ ಭಾರ ಹೊರಲಾಗದವರಿಗೆ, ಸ್ಟ್ಯಾಂಡಿಗೆ ಅನುಮತಿ ಇದೆ. ಅಲ್ಲಿಯೂ ರೈಫಲನ್ನು ಬಿಗಿಯುವುದಿಲ್ಲ, ಅದು ಸ್ಪ್ರಿಂಗ್ ಮೇಲೆ ಅಲುಗುತ್ತಿರುತ್ತದೆ. ಕರ್ನಾಟಕದ ಶ್ರೀಹರ್ಷ ದೇವರಡ್ಡಿ ರಾಮಕೃಷ್ಣ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ್ದು ಇದೇ ವರ್ಗದಲ್ಲಿ.

‘ಲೈಸೆನ್ಸ್ ಬೇಡ, ಅಂದರೆ ಆಟಿಕೆ’ ಎಂಬ ಇನ್ನೊಂದು ಮಾತಂತೂ ಅಪಾಯಕಾರಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ಮೀರದ, 20 ಜೂಲ್ ಒಳಗಿನ ಏರ್‌ಗನ್ನಿಗೆ ಲೈಸೆನ್ಸ್ ವಿನಾಯಿತಿ ಇದೆ, ನಿಜ. ಆದರೆ ಅರ್ಧ ಗ್ರಾಮಿನ ಪೆಲೆಟ್ ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೋದರೆ ಅದರಲ್ಲಿ 10 ಜೂಲ್ ಶಕ್ತಿ ಇರುತ್ತದೆ. ಕಣ್ಣು ಹೋಗಲು ಅಷ್ಟು ಬೇಕಾಗಿಲ್ಲ. ಟೇಬಲ್ ಕೆಳಗೆ ಹಾಕಿದ ಫರ್ಸಿಯನ್ನು ಗುರಿಯ ಹಿಂದೆ ನಿಲ್ಲಿಸಬೇಡಿ, ಪೆಲೆಟ್ ಪುಟಿದು ನಿಮ್ಮತ್ತಲೇ ಬರುತ್ತದೆ. ಅಲ್ಲಿ ಮಣ್ಣು ತುಂಬಿದ ಗೋಣಿಚೀಲಗಳನ್ನು ಒಟ್ಟಿ, ಅದರಾಚೆ ದಾರಿ, ಮನೆ, ದನಕರು ಇಲ್ಲವೆಂದು ನೋಡಿಕೊಳ್ಳಿ. ಕನ್ನಡಕ ಹಾಕಿಕೊಳ್ಳಿ. ಪೆಲೆಟ್ ಸಾಮಾನ್ಯವಾಗಿ ಸೀಸದ್ದು, ಮುಟ್ಟಿದ ಕೈ ತೊಳೆಯದೆ ರೊಟ್ಟಿ ಮುರಿಯಬೇಡಿ. ಹೊಲಕ್ಕೆ ಬಂದ ನವಿಲಿನ ಮೇಲೆ ಗುರಿ ಇಟ್ಟರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಏರ್‌ಗನ್ ಎಂದು ಬಿಡುವುದಿಲ್ಲ.

ಕೊಳ್ಳುವ ಮೊದಲು ಚೀಲದ ಮೇಲೆ ಐದು ಗುಂಡು ಹೊಡೆದು ನೋಡಿ. ತೂತುಗಳು ಚದುರಿದ್ದರೆ ಬಂದೂಕಿನ ಸ್ಕ್ರೂಗಳನ್ನು ಬಿಗಿ ಮಾಡಿ, ಬೇರೆ ಕಂಪನಿಯ ಪೆಲೆಟ್ ಹಾಕಿ ಮತ್ತೆ ಐದು ಹೊಡೆಯಿರಿ. ಆಗ ತೂತುಗಳು ಹತ್ತಿರ ಬಂದರೆ ಸ್ಟ್ಯಾಂಡಿನ ದುಡ್ಡು ಉಳಿಯಿತು.