ಫೋಮ್ ವಿಮಾನ: ಹಗುರ ಸರಕಿನ ಭಾರವಾದ ಲೆಕ್ಕ

ಸರಕಿನ ತೂಕ ಹೆಚ್ಚಿದಷ್ಟೂ ಅದರ ಬೆಲೆಯೂ ವಿಶ್ವಾಸಾರ್ಹತೆಯೂ ಹೆಚ್ಚುತ್ತವೆಂಬ ನಂಬಿಕೆ ವರ್ತಕ ವಲಯದಲ್ಲಿ ಬಹುಕಾಲದಿಂದ ಬೇರೂರಿದೆ. ಗ್ರಾಹಕನು ವಸ್ತುವನ್ನು ಕೈಯಲ್ಲಿ ತೂಗಿ ನೋಡಿ ‘ಗಟ್ಟಿಯಾಗಿದೆ’ ಎಂದನೆಂದರೆ ಅರ್ಧ ವ್ಯಾಪಾರ ಮುಗಿದಂತೆಯೇ. ಈ ನಂಬಿಕೆಯನ್ನು ತಲೆಕೆಳಗು ಮಾಡುವ ಸರಕೊಂದರ ಕಡೆಗೆ ಸಣ್ಣ ತಯಾರಕರ ಗಮನ ಹರಿಯಬೇಕಾದ ಕಾಲ ಬಂದಿದೆ. ರೇಡಿಯೋ ನಿಯಂತ್ರಣದಿಂದ ಹಾರುವ ಫೋಮ್ ಮಾದರಿ ವಿಮಾನವೇ ಆ ಸರಕು.

ಇದನ್ನು ಮಕ್ಕಳಾಟವೆಂದು ತಳ್ಳಿಹಾಕುವವರೇ ಹೆಚ್ಚು. ಆದರೆ ಇದರ ಗ್ರಾಹಕರು ಕೇವಲ ಮಕ್ಕಳಲ್ಲ. ಎಂಜಿನಿಯರಿಂಗ್ ಕಾಲೇಜುಗಳ ವೈಮಾನಿಕ ವಿಭಾಗದ ವಿದ್ಯಾರ್ಥಿಗಳು, ಮಾದರಿ ವಿಮಾನ ತಯಾರಿಕೆಯನ್ನು ತರಬೇತಿಯ ಭಾಗವಾಗಿ ಪಡೆದಿರುವ ಎನ್.ಸಿ.ಸಿ. ವಾಯುದಳದ ಕೆಡೆಟ್‌ಗಳು ಹಾಗೂ ವಯಸ್ಕ ಹವ್ಯಾಸಿಗಳು ಇದನ್ನು ಕೊಳ್ಳುತ್ತಾರೆ. ಹಿಂದೂಸ್ತಾನ್ ಏರೋನಾಟಿಕ್ಸ್ ಮತ್ತು ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯಗಳಂತಹ ಸಂಸ್ಥೆಗಳಿರುವ ಬೆಂಗಳೂರಿನ ರಾಜ್ಯಕ್ಕೆ ಈ ವಿಷಯ ಹೊರಗಿನದೇನೂ ಅಲ್ಲ.

ಮರದಿಂದ ಫೋಮಿಗೆ

ಹಿಂದೆ ಮಾದರಿ ವಿಮಾನವೆಂದರೆ ಬಾಲ್ಸಾ ಮರವೇ ಆಗಿತ್ತು. ಈ ಮರದ ಪ್ರಮುಖ ಪೂರೈಕೆದಾರ ದೇಶ ದಕ್ಷಿಣ ಅಮೆರಿಕದ ಈಕ್ವೆಡಾರ್. ಗಾಳಿ ವಿದ್ಯುತ್ ಯಂತ್ರಗಳ ಬೃಹತ್ ರೆಕ್ಕೆಗಳ ಒಳತಿರುಳಿಗೂ ಇದೇ ಮರ ಬಳಕೆಯಾಗುವುದರಿಂದ, 2020ರ ಸುಮಾರಿಗೆ ಆ ಉದ್ಯಮದ ಬೇಡಿಕೆ ಏಕಾಏಕಿ ಏರಿ ಬಾಲ್ಸಾದ ಬೆಲೆ ಗಗನಕ್ಕೇರಿತು. ಸಣ್ಣ ಗ್ರಾಹಕನು ದೊಡ್ಡ ಗ್ರಾಹಕನ ಕಚ್ಚಾವಸ್ತುವನ್ನೇ ನೆಚ್ಚಿಕೊಂಡರೆ ಆಗುವ ಪಾಡಿಗೆ ಇದೊಂದು ನಿದರ್ಶನ.

ಫೋಮ್ ಬಳಕೆಗೆ ದಾರಿ ಅದಕ್ಕೂ ಮೊದಲೇ ತೆರೆದುಕೊಂಡಿತ್ತು. ಯುರೋಪಿನಲ್ಲಿ ನೆಲಹಾಸಿನ ಕೆಳಗೆ ಹಾಸಲು ಮಾರಾಟವಾಗುತ್ತಿದ್ದ ಡೆಪ್ರಾನ್ ಎಂಬ ತೆಳು ಹಾಳೆಯನ್ನು ಹವ್ಯಾಸಿಗಳು ಕತ್ತರಿಸಿ ರೆಕ್ಕೆ ಮಾಡಿಕೊಂಡರು. 2000ರ ದಶಕದ ಆರಂಭದಲ್ಲಿ ಕಂಪ್ಯೂಟರಿನ ಸಿ.ಡಿ. ಡ್ರೈವ್‌ಗಳೊಳಗಿನ ಪುಟ್ಟ ಮೋಟಾರುಗಳನ್ನು ಬಿಚ್ಚಿ, ತಂತಿಯನ್ನು ಮರುಸುತ್ತಿ, ಬ್ರಷ್‌ರಹಿತ ಮೋಟಾರುಗಳನ್ನು ಸಿದ್ಧಪಡಿಸಿದವರೂ ಇಂತಹ ಹವ್ಯಾಸಿಗಳೇ. ಅದರೊಡನೆ ಲಿಥಿಯಂ ಪಾಲಿಮರ್ ಬ್ಯಾಟರಿ, 2.4 ಗಿಗಾಹರ್ಟ್ಸ್ ರೇಡಿಯೋ ಮತ್ತು 9 ಗ್ರಾಂ ತೂಕದ ಸರ್ವೋಗಳು ಅಗ್ಗವಾಗಿ ದೊರೆಯತೊಡಗಿದ ಮೇಲೆ ಹೊಗೆಯುಗುಳುವ ಎಂಜಿನ್ನಿನ ಭಾರವಾದ ವಿಮಾನದ ಅಗತ್ಯವೇ ಬಹುಮಟ್ಟಿಗೆ ಇಲ್ಲವಾಯಿತು.

ಪ್ಯಾಕಿಂಗ್ ಥರ್ಮಾಕೋಲ್ ಘನಮೀಟರಿಗೆ ಸುಮಾರು 15ರಿಂದ 20 ಕಿಲೋ ತೂಗುತ್ತದೆ. ಡೆಪ್ರಾನ್ ಜಾತಿಯ ಹಾಳೆ 30ರಿಂದ 40 ಕಿಲೋ, ಬಾಲ್ಸಾ ಸಾಮಾನ್ಯವಾಗಿ 100ರಿಂದ 200 ಕಿಲೋ ತೂಗುತ್ತವೆ. ನಾಮಫಲಕದವರು ಬಳಸುವ ಪಿ.ವಿ.ಸಿ. ಫೋಮ್ ಹಲಗೆ ಹಲವು ನೂರು ಕಿಲೋ ತೂಗುವುದರಿಂದ ಅದು ಹಾರಾಟಕ್ಕೆ ಸಲ್ಲದು. ಹೆಸರು ‘ಫೋಮ್’ ಎಂದಿದ್ದ ಮಾತ್ರಕ್ಕೆ ಎಲ್ಲ ಹಾಳೆಯೂ ಒಂದೇ ಅಲ್ಲ ಎಂಬುದನ್ನು ಖರೀದಿದಾರರು ಮೊದಲಿಗೇ ಅರಿಯಬೇಕು.

ಭಾರವೆಂಬ ಸಾಲ

ಒಂದು ಮೀಟರ್ ಉದ್ದ, 20 ಸೆಂಟಿಮೀಟರ್ ಅಗಲದ ರೆಕ್ಕೆಯುಳ್ಳ, ಒಟ್ಟು 400 ಗ್ರಾಂ ತೂಕದ ವಿಮಾನವನ್ನು ತೆಗೆದುಕೊಂಡರೆ, ಅದು ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದಲ್ಲಿಯೂ ಗಾಳಿಯಲ್ಲಿ ನಿಲ್ಲಬಲ್ಲದು. ಅದೇ ರೆಕ್ಕೆಯ ಮೇಲೆ ತೂಕ 800 ಗ್ರಾಂ ಆದರೆ ಕನಿಷ್ಠ ವೇಗ ಸುಮಾರು 29 ಕಿಲೋಮೀಟರಿಗೆ ಏರುತ್ತದೆ. ತೂಕವೂ ಇಮ್ಮಡಿ, ವೇಗದ ವರ್ಗವೂ ಇಮ್ಮಡಿ. ಆದ್ದರಿಂದ ಆ ವೇಗದಲ್ಲಿ ನೆಲಕ್ಕೆ ಬಡಿದಾಗ ತಗಲುವ ಪೆಟ್ಟಿನ ಶಕ್ತಿ ನಾಲ್ಮಡಿಯಾಗುತ್ತದೆ. ಹೊಸಬನು ಹಾರಿಸುವ ವಿಮಾನ ಬೀಳುವುದು ಖಚಿತವಾದ್ದರಿಂದ, ಹಗುರವಾದದ್ದು ಬಿದ್ದು ಉಳಿಯುತ್ತದೆ, ಭಾರವಾದದ್ದು ಬಿದ್ದು ಪುಡಿಯಾಗುತ್ತದೆ.

ಪುಡಿಯಾಗದಿರಲೆಂದು ತಯಾರಕನು ದಪ್ಪ ಕಡ್ಡಿ ಹಾಕಿ, ಧಾರಾಳವಾಗಿ ಅಂಟು ಸುರಿದರೆ ತೂಕ ಮತ್ತೆ ಏರುತ್ತದೆ. ಏರಿದ ತೂಕವನ್ನು ಎತ್ತಲು ದೊಡ್ಡ ಮೋಟಾರು ಬೇಕು, ಅದನ್ನು ಓಡಿಸಲು ದೊಡ್ಡ ಬ್ಯಾಟರಿ ಬೇಕು, ಅದನ್ನು ಹೊರಲು ಮತ್ತಷ್ಟು ಗಟ್ಟಿ ರೆಕ್ಕೆ ಬೇಕು. ಬಡ್ಡಿ ಕಟ್ಟಲು ಸಾಲ ಮಾಡಿದವನ ಲೆಕ್ಕಪುಸ್ತಕವೂ ಇದೇ ಹಾದಿ ಹಿಡಿಯುತ್ತದೆ. ನುರಿತ ವಿನ್ಯಾಸಕಾರರು ಇದಕ್ಕೆ ವಿರುದ್ಧವಾದ ಮಾರ್ಗ ಅನುಸರಿಸುತ್ತಾರೆ. ರೆಕ್ಕೆಯನ್ನು ತಿರುಪಿನಿಂದ ಬಿಗಿಯದೆ ರಬ್ಬರ್ ಬ್ಯಾಂಡಿನಿಂದ ಕಟ್ಟುತ್ತಾರೆ. ಬಿದ್ದಾಗ ರೆಕ್ಕೆ ಮುರಿಯುವ ಬದಲು ಜಾರಿಕೊಳ್ಳುತ್ತದೆ. ಎರಡು ರೂಪಾಯಿಯ ಬಿದಿರು ಕಡ್ಡಿಯೂ ಒಂದು ತುಂಡು ಅಂಟುಪಟ್ಟಿಯೂ ದುರಸ್ತಿಗೆ ಸಾಕಾಗುತ್ತವೆ. ದುರಸ್ತಿ ಸುಲಭವಾದ ಸರಕನ್ನು ಕೊಂಡವನೇ ಎರಡನೆಯ ಸರಕನ್ನೂ ಕೊಳ್ಳುತ್ತಾನೆ. ಮೊದಲ ದಿನವೇ ಮುರಿದು ಮೂಲೆ ಸೇರಿದ ದುಬಾರಿ ವಿಮಾನದ ಒಡೆಯ ಮತ್ತೆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ.

ಗಾಳಿಗೆ ತೆರುವ ಬಾಡಿಗೆ

ವರ್ತಕರಿಗೆ ಅತಿ ಮುಖ್ಯವಾದ ಅಂಶ ಸಾಗಣೆಯದು. ಥರ್ಮಾಕೋಲಿನ ಗಾತ್ರದಲ್ಲಿ ಶೇಕಡಾ 95ಕ್ಕೂ ಹೆಚ್ಚು ಭಾಗ ಬರೀ ಗಾಳಿ. ಕೊರಿಯರ್ ಸಂಸ್ಥೆಗಳು ಇಂತಹ ಸರಕಿಗೆ ನಿಜ ತೂಕದ ಬದಲು ಗಾತ್ರ ತೂಕದ ಮೇಲೆ ದರ ವಿಧಿಸುತ್ತವೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ವಾಯುಮಾರ್ಗದ ಸಾಗಣೆಯಲ್ಲಿ ಸಾಮಾನ್ಯವಾಗಿ 5000ದಿಂದ ಭಾಗಿಸುವುದು ರೂಢಿ.

ಪೂರ್ತಿ ಜೋಡಿಸಿದ ಅಥವಾ ಅಚ್ಚಿನಲ್ಲಿ ಎರಕವಾದ ವಿಮಾನದ ಪೆಟ್ಟಿಗೆ 100×30×20 ಸೆಂಟಿಮೀಟರ್ ಇದ್ದರೆ ಗಾತ್ರ ತೂಕ 12 ಕಿಲೋ. ಒಳಗಿರುವ ಸರಕು ಒಂದು ಕಿಲೋ ಇದ್ದರೂ ಬಾಡಿಗೆ 12 ಕಿಲೋವಿನದೇ. ಅದೇ ವಿಮಾನವನ್ನು ಕತ್ತರಿಸಿದ ಚಪ್ಪಟೆ ಹಾಳೆಗಳಾಗಿ 75×50×3 ಸೆಂಟಿಮೀಟರಿನ ಕಟ್ಟಿನಲ್ಲಿ ಕಳುಹಿಸಿದರೆ ಗಾತ್ರ ತೂಕ 2.25 ಕಿಲೋ ಮಾತ್ರ. ಐದು ಪಟ್ಟಿಗೂ ಮೀರಿದ ಈ ವ್ಯತ್ಯಾಸ ನೇರವಾಗಿ ಲಾಭದ ಖಾತೆಗೆ ಸೇರುವಂಥದು.

ಇದರಿಂದ ಎರಡು ತೀರ್ಮಾನಗಳು ಹೊರಡುತ್ತವೆ. ಮೊದಲನೆಯದು, ಸ್ಥಳೀಯ ತಯಾರಕನು ಅಚ್ಚಿನ ವಿಮಾನದ ಬೆನ್ನು ಹತ್ತದೆ ಚಪ್ಪಟೆ ಹಾಳೆಯ ಕಿಟ್ಟಿಗೆ ಅಂಟಿಕೊಳ್ಳಬೇಕು. ಎರಡನೆಯದು, ಸಾವಿರಾರು ಮೈಲಿ ದೂರದಿಂದ ಗಾಳಿಯನ್ನು ಪೆಟ್ಟಿಗೆಯಲ್ಲಿ ತುಂಬಿ ತರಿಸುವ ಆಮದುದಾರನಿಗಿಂತ ಹತ್ತಿರದ ತಯಾರಕನಿಗೆ ಸಹಜವಾದ ಅನುಕೂಲವಿದೆ. ಇದು ಸುಂಕದ ಗೋಡೆ ಕೊಡುವ ರಕ್ಷಣೆಯಲ್ಲ, ಭೂಗೋಳವೇ ಕೊಟ್ಟಿರುವ ರಕ್ಷಣೆ. ಸರ್ಕಾರ ಬದಲಾದರೆ ಇದು ಬದಲಾಗುವುದಿಲ್ಲ.

ನಕ್ಷೆ ಉಚಿತ, ಕಿಟ್ಟಿಗೆ ಬೆಲೆ

ಅಮೆರಿಕದ ಒಹಾಯೋ ರಾಜ್ಯದ ಫ್ಲೈಟ್ ಟೆಸ್ಟ್ ಸಂಸ್ಥೆಯ ಉದಾಹರಣೆ ಇಲ್ಲಿ ಅಧ್ಯಯನಯೋಗ್ಯ. ಒಂದು ಡಾಲರಿನ ಅಂಗಡಿಗಳಲ್ಲಿ ದೊರೆಯುತ್ತಿದ್ದ, ಎರಡೂ ಬದಿಗೆ ಕಾಗದ ಅಂಟಿಸಿದ 20×30 ಅಂಗುಲದ ಫೋಮ್ ಹಾಳೆಯನ್ನೇ ಆಧಾರವಾಗಿಟ್ಟುಕೊಂಡು ಈ ಸಂಸ್ಥೆ ಹತ್ತಾರು ವಿಮಾನಗಳನ್ನು ವಿನ್ಯಾಸಗೊಳಿಸಿತು. ಒಂದು ಬದಿಯ ಕಾಗದವನ್ನು ಮಾತ್ರ ಕೊಯ್ದು ಹಾಳೆಯನ್ನು ಮಡಿಚಿದರೆ ಇನ್ನೊಂದು ಬದಿಯ ಕಾಗದವೇ ಕೀಲಾಗುತ್ತದೆ. ಪ್ರತ್ಯೇಕ ಕೀಲಿನ ಖರ್ಚೇ ಇಲ್ಲ.

ಈ ಸಂಸ್ಥೆ ತನ್ನ ನಕ್ಷೆಗಳನ್ನು ಉಚಿತವಾಗಿ ಹಂಚಿತು. ನಕ್ಷೆಯನ್ನು ಬಚ್ಚಿಟ್ಟುಕೊಳ್ಳುವುದೇ ಜಾಣತನವೆಂದು ಬಗೆಯುವವರಿಗೆ ಇದು ಅವಿವೇಕವಾಗಿ ಕಾಣಬಹುದು. ಆದರೆ ನಕ್ಷೆ ಪಡೆದವರಲ್ಲಿ ಕತ್ತರಿಸುವ ವ್ಯವಧಾನವಿಲ್ಲದವರು ಲೇಸರ್ ಯಂತ್ರದಲ್ಲಿ ಕತ್ತರಿಸಿದ ಕಿಟ್ಟನ್ನು ಹಣ ತೆತ್ತು ಕೊಂಡರು. ಜೊತೆಗೆ ಮೋಟಾರು, ಸರ್ವೋ, ಪ್ರೊಪೆಲ್ಲರ್‌ಗಳೂ ಮಾರಾಟವಾದವು. ಮುಂದೆ ಆ ಸಂಸ್ಥೆ ಅಂಗಡಿಯ ಹಾಳೆಯನ್ನೇ ನೆಚ್ಚಿ ಕೂರದೆ, ತೇವ ತಡೆಯುವ ಕಂದು ಕಾಗದದ ಹಾಳೆಯನ್ನು ತನ್ನ ಹೆಸರಿನಲ್ಲಿಯೇ ಮಾರಾಟಕ್ಕಿಟ್ಟಿತು. ಒಂದು ಡಾಲರಿನ ಬೆಲೆಗೆ ಹೆಸರಾಗಿದ್ದ ಡಾಲರ್ ಟ್ರೀ ಅಂಗಡಿಗಳು 2021ರಲ್ಲಿ ಬೆಲೆಯನ್ನು 1.25 ಡಾಲರಿಗೆ ಏರಿಸಿದುದನ್ನು ನೆನೆದರೆ, ಸ್ವಂತ ಹಾಳೆ ಹೊಂದಿರುವುದರ ಮಹತ್ವ ಅರಿವಾಗುತ್ತದೆ.

ಬಂಡವಾಳದ ಪ್ರಶ್ನೆ

ಮಾರುಕಟ್ಟೆ ಚಿಕ್ಕದೆಂಬ ಆಕ್ಷೇಪ ನಿಜವಾದುದೇ. ಆದ್ದರಿಂದಲೇ ಇದಕ್ಕಾಗಿ ಸಾಲ ಮಾಡಿ ಹೊಸ ಘಟಕ ತೆರೆಯುವುದು ಸಲ್ಲದು. ರಟ್ಟಿನ ಪೆಟ್ಟಿಗೆ ತಯಾರಿಸುವ ಘಟಕಗಳಲ್ಲಿ ಡೈ ಪಂಚಿಂಗ್ ಯಂತ್ರಗಳು ಈಗಾಗಲೇ ಇವೆ. ಥರ್ಮಾಕೋಲ್ ಪ್ಯಾಕಿಂಗ್ ಘಟಕಗಳಲ್ಲಿ ಬಿಸಿ ತಂತಿಯ ಕತ್ತರಿಗಳಿವೆ. ಈ ಯಂತ್ರಗಳು ಖಾಲಿ ನಿಲ್ಲುವ ಗಂಟೆಗಳ ಬಾಡಿಗೆ, ಬಡ್ಡಿ, ಸಂಬಳಗಳು ಹೇಗಿದ್ದರೂ ತಪ್ಪಿದ್ದಲ್ಲ. ಹೊಸದಾಗಿ ಸೇರುವುದು ಹಾಳೆ, ಡೈ ಮತ್ತು ಕೈಕೆಲಸದ ವೆಚ್ಚ ಮಾತ್ರ.

ಉದಾಹರಣೆಗೆ, ಡೈಗೆ 15,000 ರೂಪಾಯಿ ತಗಲಿ, ಪ್ರತಿ ಕಿಟ್ಟಿನಲ್ಲಿ ನೇರ ವೆಚ್ಚ ಕಳೆದು 150 ರೂಪಾಯಿ ಉಳಿಯುತ್ತದೆಂದು ಭಾವಿಸಿದರೆ, 100 ಕಿಟ್ಟುಗಳಲ್ಲಿ ಅಸಲು ಕೈಸೇರುತ್ತದೆ. ಅದೇ ಉಳಿತಾಯದ ಮೇಲೆ 15 ಲಕ್ಷ ರೂಪಾಯಿಯ ಅಚ್ಚು ಮಾಡಿಸಿದರೆ 10,000 ಕಿಟ್ಟು ಮಾರಬೇಕು. ಮೊದಲನೆಯದು ಪ್ರಯೋಗ, ಎರಡನೆಯದು ಜೂಜು.

ಮೋಟಾರು, ಸರ್ವೋ, ಬ್ಯಾಟರಿಗಳು ಬಹುತೇಕ ಆಮದಾಗುವುದರಿಂದ ಇಲ್ಲಿ ಉಳಿಯುವುದೇನೆಂಬುದು ಇನ್ನೊಂದು ಆಕ್ಷೇಪ. ಅವುಗಳನ್ನು ದಾಸ್ತಾನು ಮಾಡದಿರುವುದೇ ಇದಕ್ಕೆ ಉತ್ತರ. ಲಿಥಿಯಂ ಪಾಲಿಮರ್ ಕೋಶ ಪೂರ್ಣ ತುಂಬಿದಾಗ 4.2 ವೋಲ್ಟ್ ಇರುತ್ತದೆ. ಹಾಗೆಯೇ ಬಹುಕಾಲ ಇಟ್ಟರೆ ಅದು ಕೆಡುತ್ತದೆ, ಸಂಗ್ರಹಕ್ಕೆ 3.8 ವೋಲ್ಟ್ ಸುಮಾರಿನಲ್ಲಿಡಬೇಕು. ಏಟು ಬಿದ್ದರೆ ಬೆಂಕಿಯ ಅಪಾಯವೂ ಉಂಟು. ಅಂಗಡಿಯಲ್ಲಿದ್ದಂತೆಯೇ ಸವೆಯುವ ಸರಕಿನಲ್ಲಿ ದುಡಿಯುವ ಬಂಡವಾಳವನ್ನು ಹೂಳುವುದು ಬುದ್ಧಿವಂತಿಕೆಯಲ್ಲ. ತಯಾರಕನು ಹಾಳೆ, ಕಡ್ಡಿ, ಫೋಮನ್ನು ಕರಗಿಸದ ಅಂಟು ಮತ್ತು ಕನ್ನಡ ಕೈಪಿಡಿಯುಳ್ಳ ಕಿಟ್ಟನ್ನು ಮಾರಲಿ. ವಿದ್ಯುತ್ ಭಾಗಗಳನ್ನು ಬೇಡಿಕೆ ಬಂದಂತೆ ತರಿಸುವ ವರ್ತಕರೊಡನೆ ಒಪ್ಪಂದ ಮಾಡಿಕೊಳ್ಳಲಿ.

ಕಾನೂನಿನ ತಕ್ಕಡಿ

ಕಾನೂನಿನಲ್ಲಿಯೂ ತೂಕವೇ ತೀರ್ಪು ನೀಡುತ್ತದೆ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಮೀರದ ನ್ಯಾನೋ ವರ್ಗಕ್ಕೆ ಹಾಗೂ ವಾಣಿಜ್ಯೇತರವಾಗಿ ಹಾರಿಸುವ, 2 ಕಿಲೋ ಮೀರದ ಮೈಕ್ರೋ ವರ್ಗಕ್ಕೆ ಚಾಲಕ ಪ್ರಮಾಣಪತ್ರದ ಅಗತ್ಯವಿಲ್ಲ. ಶಿಕ್ಷಣ, ಸಂಶೋಧನೆ, ಮನರಂಜನೆಗಳಿಗಾಗಿ ಕಣ್ಣಳತೆಯೊಳಗೆ ಹಾರಿಸುವ ಮಾದರಿಗಳಿಗೆ ಮಾದರಿ ಪ್ರಮಾಣಪತ್ರದಿಂದಲೂ ವಿನಾಯಿತಿ ಇದೆ. ಆದರೆ ವಿಮಾನ ನಿಲ್ದಾಣಗಳ ಸುತ್ತಲಿನ ನಿರ್ಬಂಧಿತ ವಲಯಗಳು ಎಲ್ಲರಿಗೂ ಅನ್ವಯಿಸುತ್ತವೆ. ಕೊಳ್ಳುವವನಿಗೆ ಇದನ್ನು ಪೆಟ್ಟಿಗೆಯ ಮೇಲೆಯೇ ತಿಳಿಸುವುದು ತಯಾರಕನ ಕರ್ತವ್ಯ. 2025ರ ಸೆಪ್ಟೆಂಬರಿನಲ್ಲಿ ಹೊಸ ಡ್ರೋನ್ ಮಸೂದೆಯ ಕರಡು ಸಾರ್ವಜನಿಕ ಅಭಿಪ್ರಾಯಕ್ಕೆ ಬಂದಿರುವುದರಿಂದ ಮುಂದಿನ ಬದಲಾವಣೆಗಳ ಮೇಲೆ ಕಣ್ಣಿಡುವುದೂ ಅವಶ್ಯ.

ತೆರಿಗೆಯಲ್ಲಿ ಸರಕಿನ ಹೆಸರು ನಿರ್ಣಾಯಕ. ಡ್ರೋನ್‌ಗಳು 8806ನೆಯ ಶೀರ್ಷಿಕೆಗೆ ಸೇರಿದರೆ, ಕೇವಲ ವಿನೋದಕ್ಕಾಗಿ ರೂಪಿಸಿದ ಹಾರುವ ಆಟಿಕೆಗಳು 9503ಕ್ಕೆ ಸೇರುತ್ತವೆ. 2025ರ ಸೆಪ್ಟೆಂಬರ್ 22ರಿಂದ ಡ್ರೋನ್‌ಗಳಿಗೆ ಶೇಕಡಾ 5ರ ಏಕರೂಪ ಜಿ.ಎಸ್.ಟಿ. ಜಾರಿಯಲ್ಲಿದೆ. ಆಟಿಕೆಗಳಲ್ಲಿ ವಿದ್ಯುನ್ಮಾನ ಆಟಿಕೆಗೂ ಇತರ ಆಟಿಕೆಗೂ ದರ ಬೇರೆಬೇರೆ. ಬರಿಯ ಹಾಳೆಯ ಕಿಟ್ಟಿಗೆ ಮೋಟಾರನ್ನು ಸೇರಿಸಿ ಒಂದೇ ಪೆಟ್ಟಿಗೆಯಲ್ಲಿಟ್ಟರೆ ದರವೇ ಬದಲಾಗುವ ಸಾಧ್ಯತೆ ಇರುವುದರಿಂದ, ಬೆಲೆ ನಿಗದಿಗೆ ಮುನ್ನವೇ ವರ್ಗೀಕರಣ ನಿಶ್ಚಯವಾಗಬೇಕು. ಸರಕು 14 ವರ್ಷದೊಳಗಿನ ಮಕ್ಕಳ ಆಟಕ್ಕೆಂದಾದರೆ, 2021ರ ಜನವರಿ 1ರಿಂದ ಜಾರಿಯಲ್ಲಿರುವ ಆಟಿಕೆ ಗುಣಮಟ್ಟ ಆದೇಶದಂತೆ ಐ.ಎಸ್.ಐ. ಮುದ್ರೆಯೂ ಬೇಕಾಗುತ್ತದೆ.

ಇಷ್ಟೆಲ್ಲ ಲೆಕ್ಕದ ಸಾರವೆಂದರೆ, ಈ ವ್ಯಾಪಾರಕ್ಕೆ ದೊಡ್ಡ ಬಂಡವಾಳವಾಗಲಿ ಸಹಾಯಧನವಾಗಲಿ ಮೊದಲ ಅಗತ್ಯವಲ್ಲ. ಭಾರವೇ ಮೌಲ್ಯವೆಂಬ ಹಳೆಯ ಅಭ್ಯಾಸವನ್ನು ಕೆಳಗಿಳಿಸುವುದು ಮೊದಲ ಅಗತ್ಯ. ವಾಣಿಜ್ಯ ಸಂಸ್ಥೆಗಳು ಪೆಟ್ಟಿಗೆ ತಯಾರಕರನ್ನೂ ಎಂಜಿನಿಯರಿಂಗ್ ಕಾಲೇಜುಗಳ ಪ್ರಾಧ್ಯಾಪಕರನ್ನೂ ಒಂದೇ ಮೇಜಿನ ಮುಂದೆ ಕೂರಿಸಿದರೆ ಮೊದಲ ನೂರು ಕಿಟ್ಟುಗಳ ಬೇಡಿಕೆ ಅಲ್ಲಿಯೇ ದೊರೆಯಬಹುದು. ನೂರರ ಲೆಕ್ಕ ಸರಿಹೋದರೆ ಸಾವಿರದ ಮಾತು ಬರುತ್ತದೆ. ಸರಿಹೋಗದಿದ್ದರೆ ನಷ್ಟ ಒಂದು ಡೈಯಷ್ಟೇ. ಪೆಟ್ಟಿಗೆಯ ಯಂತ್ರ ಎಂದಿನಂತೆ ಪೆಟ್ಟಿಗೆ ಕತ್ತರಿಸುತ್ತದೆ.