ರೇಖೆಯಿಂದ ಸಮೀಕರಣಕ್ಕೆ

ಸಮೀಕರಣವನ್ನು ಕೊಟ್ಟು, ಎಕ್ಸ್‌ಗೆ ಮೂರು ನಾಲ್ಕು ಬೆಲೆಗಳನ್ನು ಆದೇಶಿಸಿ, ಕೋಷ್ಟಕವನ್ನು ರಚಿಸಿ, ನಕ್ಷೆಯ ಹಾಳೆಯ ಮೇಲೆ ಬಿಂದುಗಳನ್ನು ಗುರುತಿಸಿ, ಅಳತೆಪಟ್ಟಿಯಿಟ್ಟು ಗೆರೆಯೆಳೆಯುವ ಕ್ರಮವನ್ನು ನಮ್ಮ ಪ್ರೌಢಶಾಲೆಗಳು ಬಹು ಶ್ರದ್ಧೆಯಿಂದ ಕಲಿಸುತ್ತವೆ. ಆದರೆ ಗೆರೆಯನ್ನೇ ಮೊದಲು ಮುಂದಿಟ್ಟು ಇದರ ಸಮೀಕರಣವೇನೆಂದು ಕೇಳುವ ವಿಲೋಮಮಾರ್ಗಕ್ಕೆ ಸಲ್ಲಬೇಕಾದ ಕಾಲವು ಸಲ್ಲುತ್ತಿಲ್ಲವೆಂಬುದು ನನ್ನ ಬಹುದಿನದ ಕೊರಗು.

ಸೆಲ್ಸಿಯಸ್ ಉಷ್ಣತೆಯನ್ನು ಅಡ್ಡ ಅಕ್ಷದಲ್ಲಿಯೂ ಫ್ಯಾರನ್‌ಹೀಟ್ ಉಷ್ಣತೆಯನ್ನು ಲಂಬ ಅಕ್ಷದಲ್ಲಿಯೂ ತೋರಿಸಿದ ನಕ್ಷೆಯೊಂದನ್ನು ವಿದ್ಯಾರ್ಥಿನಿಯ ಮುಂದಿಡೋಣ. ನೀರು ಹೆಪ್ಪುಗಟ್ಟುವ ಸೊನ್ನೆ ಡಿಗ್ರಿಯಲ್ಲಿ ಗೆರೆಯು ಲಂಬಾಕ್ಷವನ್ನು 32ರಲ್ಲಿ ಛೇದಿಸುತ್ತದೆ; ನೀರು ಕುದಿಯುವ 100ಕ್ಕೆ ಬರುವಾಗ 212ಕ್ಕೆ ಏರಿರುತ್ತದೆ. ಅಡ್ಡಲಾಗಿ 100 ಸಾಗುವಷ್ಟರಲ್ಲಿ 180 ಏರಿತಾದುದರಿಂದ ಇಳಿಜಾರು 9/5. ಸೆಲ್ಸಿಯಸ್ ಬೆಲೆಯ 9/5ರಷ್ಟಕ್ಕೆ 32ನ್ನು ಕೂಡಿದರೆ ಫ್ಯಾರನ್‌ಹೀಟ್. ಅಂದಿನವರೆಗೆ ಕಂಠಪಾಠವಾಗಿದ್ದ ಸೂತ್ರವು ಆಕೆಯ ಕಣ್ಣೆದುರಿನಲ್ಲಿಯೇ ಹುಟ್ಟಿತು.

ಮಕ್ಕಳು ಎಡವುವ ಸ್ಥಳವೊಂದಿದೆ. ಅಡ್ಡಕ್ಕೆ ಚೌಕವೊಂದಕ್ಕೆ 10, ಲಂಬಕ್ಕೆ 20 ಎಂಬ ಪ್ರಮಾಣವಿದ್ದಾಗ, ಅಕ್ಷಗಳ ಮೇಲಣ ಬೆಲೆಗಳನ್ನೋದದೆ ಬರಿಯ ಚೌಕಗಳನ್ನೆಣಿಸಿದವರು, ಹತ್ತು ಚೌಕ ಸಾಗಿ ಒಂಬತ್ತು ಚೌಕ ಏರಿತೆಂದು 9/10 ಬರೆದುಬಿಡುತ್ತಾರೆ; ಇಳಿಜಾರು ಅರ್ಧಕ್ಕಿಳಿಯುತ್ತದೆ. ಕೊಟ್ಟ ಸಮೀಕರಣದಿಂದ ಗೆರೆಯೆಳೆಯುವಾಗ ಈ ಅಜ್ಞಾನವು ಮರೆಯಲ್ಲಿಯೇ ಉಳಿಯುತ್ತದೆ, ಏಕೆಂದರೆ ಅಲ್ಲಿ ಇಳಿಜಾರನ್ನು ಅಳೆಯುವ ಪ್ರಸಂಗವೇ ಬಾರದು. ಮರೆಯಲ್ಲಿರುವ ತಪ್ಪನ್ನು ತಿದ್ದುವುದೆಂತು?

ಇದು ಬಾಲರ ಅಭ್ಯಾಸಮಾತ್ರವೆಂದು ಯಾರೂ ಭಾವಿಸಬಾರದು. ಲೋಹದ ಮೇಲೆ ಬೆಳಕು ಬಿದ್ದಾಗ ಹೊರಚಿಮ್ಮುವ ಎಲೆಕ್ಟ್ರಾನುಗಳನ್ನು ತಡೆದು ನಿಲ್ಲಿಸುವ ವಿಭವಕ್ಕೂ ಬೆಳಕಿನ ಆವೃತ್ತಿಗೂ ಇರುವ ಸಂಬಂಧವು ಸರಳರೇಖೆಯಾಗಿರಬೇಕೆಂದು 1905ರಲ್ಲಿ ಐನ್‌ಸ್ಟೈನರು ಸೂಚಿಸಿದಾಗ, ಆ ಸಿದ್ಧಾಂತವನ್ನು ಒಪ್ಪಲಾರದ ಅಮೆರಿಕದ ರಾಬರ್ಟ್ ಮಿಲಿಕನ್ನರು ವರ್ಷಗಟ್ಟಲೆ ಪ್ರಯೋಗ ನಡೆಸಿದರು. ಬಿಂದುಗಳು ಗೆರೆಯ ಮೇಲೆಯೇ ಸಾಲುಗೊಂಡುವು. 1916ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ ಪ್ಲಾಂಕ್ ಸ್ಥಿರಾಂಕದ ಬೆಲೆ ದೊರೆತುದು ಆ ಗೆರೆಯ ಇಳಿಜಾರಿನಿಂದಲೇ. ತಾನು ಶಂಕಿಸಿದ ಸಿದ್ಧಾಂತಕ್ಕೆ ತನ್ನ ಕೈಯ ನಕ್ಷೆಯೇ ಸಾಕ್ಷಿ ನುಡಿದುದನ್ನು ಮರೆಮಾಚದ ಅವರ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ.

ಗಣಿತದ ಅಧ್ಯಾಪಕರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ನಕ್ಷೆಯ ಪಾಠ ಬಂದಾಗ ಒಂದು ದಿನದ ಮಟ್ಟಿಗಾದರೂ ಪರೀಕ್ಷೆಯ ಅಂಕಗಳ ಚಿಂತೆಯನ್ನು ಬದಿಗಿರಿಸಿ, ಕರಿಹಲಗೆಯ ಮೇಲೆ ಅಕ್ಷಗಳೆರಡನ್ನೂ ಅವುಗಳ ಪ್ರಮಾಣವನ್ನೂ ಗುರುತಿಸಿ, ಓರೆಗೆರೆಯೊಂದನ್ನೆಳೆದು, ಸಮೀಕರಣವನ್ನು ಮಕ್ಕಳ ಬಾಯಿಂದಲೇ ಹೇಳಿಸಿರಿ.